ಮೂವತ್ತಾರು ಮನೆಗಳಿಗೆ ಮತ್ತೊಮ್ಮೆ

ಮಂಡೆಕೋಲಿನ ಈ ಬಚ್ಚಲುಮನೆಯಲ್ಲಿ ಇನ್ನೂ ಬಲ್ಬು ಉರಿಯುತ್ತಿದೆ. ಹೊರಗೆ ಬೆಳಕು ಹರಿಯಲು ಸ್ವಲ್ಪ ಹೊತ್ತಿದೆ. ದಮಯಂತಿ ಮೊದಲು ಮಗುವನ್ನು ಎತ್ತಿಕೊಳ್ಳುವುದಿಲ್ಲ. ಮೊಣಕೈವರೆಗೆ ಸೋಪು ಹಚ್ಚಿ ತಮ್ಮ ಕೈ ತೊಳೆಯುತ್ತಾರೆ. ಉಗುರಿನ ಸಂದಿ, ಬಳೆಯ ಅಡಿ, ಬೆರಳುಗಳ ನಡು. ತೊಳೆದು, ಒರೆಸಿ, ಸಮಾಧಾನವಾಗದೆ ಮತ್ತೊಮ್ಮೆ ತೊಳೆಯುತ್ತಾರೆ. ಆಮೇಲೆ ತಗ್ಗು ಮಣೆಯ ಮೇಲೆ ಕುಳಿತು, ಸೀರೆಯನ್ನು ಮೊಣಕಾಲಿನವರೆಗೆ ಮಡಚಿ, ಕಾಲು ನೀಡಿ, ಆರು ತಿಂಗಳ ಅಚ್ಚುತನನ್ನು ಆ ನೀಡಿದ ಕಾಲುಗಳ ಮೇಲೆ ಕವುಚಿ ಮಲಗಿಸುತ್ತಾರೆ.

ನೀರು ಹೊಯ್ಯುವ ಮೊದಲು ಒಂದು ತಪಾಸಣೆ ಇದೆ. ಬೆರಳಿನ ಹಿಂಬದಿಯಿಂದ ಮಗುವಿನ ಕೆನ್ನೆ, ಕಿವಿಯ ಬುಡ, ಮೊಣಕೈಯ ಮಡಿಕೆ, ಮೊಣಕಾಲ ಹಿಂದೆ ನಿಧಾನಕ್ಕೆ ಸವರುತ್ತಾರೆ. ಅಂಗೈ ಕೆಲಸ ಮಾಡಿ ಮಾಡಿ ದಡ್ಡುಗಟ್ಟಿದೆ, ಅದಕ್ಕೆ ತಿಳಿಯುವುದಿಲ್ಲ, ಹಿಂಬದಿಗೆ ತಿಳಿಯುತ್ತದೆ. ಎಡಗೈಯ ಮಡಿಕೆಯಲ್ಲಿ ಬೆರಳು ನಿಲ್ಲುತ್ತದೆ. ಅಲ್ಲಿ ಒಂದು ರೂಪಾಯಿಯಷ್ಟು ಜಾಗ ಒರಟು.

"ನಿನ್ನೆ ಇರ್ಲಿಲ್ಲ ಇದು" ಎನ್ನುತ್ತಾರೆ ದಮಯಂತಿ, ಯಾರಿಗೂ ಅಲ್ಲದ ಹಾಗೆ.

ಬಾಗಿಲಲ್ಲಿ ನಿಂತ ಸತ್ಯವತಿಗೆ ಅದು ಕೇಳಿಸಿದೆ. ಸತ್ಯವತಿ ಈ ಮನೆಯ ಯಜಮಾನಿ, ಮಗುವಿನ ಅಜ್ಜಿ.

"ಇವತ್ತೇ ಹೋಗ್ಲೇಬೇಕಾ?"

"ಡಾಕ್ಟ್ರು ಹತ್ತು ಗಂಟೆಗೆ ಬರ್ಲಿಕ್ಕೆ ಹೇಳಿದ್ದಾರಲ್ಲ ಅಕ್ಕಾ."

"ಐದು ವರ್ಷ ಗೋಡಂಬಿ ಬಾಯಿಗೆ ಹಾಕ್ಬೇಡಿ ಅಂತ ಈ ಬಾಗಿಲಲ್ಲಿ ನಿಂತು ಹೇಳಿದ್ದು ಯಾರು?"

"ನಾನೇ."

"ಈಗ ಕೊಡಿ ಅಂತ ಹೇಳುದು ಯಾರು?"

"ಅದೂ ನಾನೇ."

"ನಾಡಿದ್ದು ಎಂತ ಹೇಳ್ತಿ ಮಾರಾಯ್ತಿ? ಅದನ್ನೂ ಈಗಲೇ ಹೇಳಿಬಿಡು, ಒಟ್ಟಿಗೆ ಕೇಳಿ ಮುಗಿಸ್ತೇನೆ."

ಮಗುವಿನ ಬೆನ್ನಿಗೆ ಮೊದಲ ಚೆಂಬು ನೀರು ಬೀಳುತ್ತದೆ, ಉಗುರು ಬೆಚ್ಚಗಿನದು. ಇನ್ನು ನಾಲ್ಕು ಗಂಟೆಯಲ್ಲಿ ಸುಳ್ಯದ ಒಂದು ಕ್ಲಿನಿಕ್ಕಿನಲ್ಲಿ ಈ ಮಗುವಿಗೆ ಜೀವನದಲ್ಲಿ ಮೊದಲ ಸಲ ಗೋಡಂಬಿ ತಿನ್ನಿಸಲಿದ್ದಾರೆ. ಇವನ ಅಕ್ಕ ತನ್ಮಯೀ ಹದಿನಾಲ್ಕು ತಿಂಗಳಿದ್ದಾಗ ಗೋಡಂಬಿ ಬರ್ಫಿಯ ಒಂದು ಚೂರು ನೆಕ್ಕಿ ಸಾಯುವ ಹಂತಕ್ಕೆ ಹೋಗಿದ್ದಳು. ತಮ್ಮನೂ ಅದೇ ದಾರಿಯಲ್ಲಿದ್ದಾನೆಯೋ ಇಲ್ಲವೋ ಎಂಬುದು ಇವತ್ತು ತಿಳಿಯಬೇಕು.

ಐವತ್ತೆಂಟರ ದಮಯಂತಿಯ ಕೆಲಸ ಬಾಣಂತಿಯರನ್ನೂ ಎಳೆ ಮಕ್ಕಳನ್ನೂ ಮೀಯಿಸುವುದು. ಮೂವತ್ತೊಂದು ವರ್ಷವಾಯಿತು. ನಸುಕಿನ ನಾಲ್ಕೂವರೆಗೆ ಎದ್ದು, ಟಾರ್ಚು ಹಿಡಿದು ಎರಡು ಕಿಲೋಮೀಟರ್ ನಡೆದರೆ ಮೊದಲ ಮನೆ. ಅಲ್ಲಿಂದ ಬಸ್ಸಿಗೋ ಜೀಪಿಗೋ ಕೈ ತೋರಿಸಿ ಎರಡನೆಯದು. ಕೆಲಸ ಹೆಚ್ಚಿದ್ದ ಕಾಲದಲ್ಲಿ ಮೂರನೆಯದೂ. ಒಂದು ಮನೆಯಲ್ಲಿ ನಲವತ್ತು ದಿನ, ಮಗು ಒಗ್ಗಿಕೊಂಡರೆ ತೊಂಬತ್ತು. ಮಂಡೆಕೋಲು, ಸುಳ್ಯ, ಅರಂತೋಡು, ಗಡಿ ದಾಟಿ ಕೇರಳದ ಕಡೆಯ ಕೆಲವು ಮನೆ. ಒಟ್ಟು ನಾನೂರಕ್ಕೂ ಹೆಚ್ಚು ಮಕ್ಕಳು ಆ ಕಾಲುಗಳ ಮೇಲೆ ಮಲಗಿ ಎದ್ದಿವೆ. ಕೆಲವರಿಗೆ ಈಗ ಮೀಸೆ ಬಂದಿದೆ. "ಪೇಟೆಯಲ್ಲಿ ನನ್ನ ಗುರ್ತ ಸಿಗುದಿಲ್ಲ ಅವರಿಗೆ. ಎಲ್ಲಿ ಮಚ್ಚೆ ಉಂಟು ಅಂತ ನಂಗೆ ಗೊತ್ತುಂಟು" ಎಂದು ನಗುತ್ತಾರೆ.

ಮದುವೆಗೆ ಮೊದಲು ದಮಯಂತಿ ಪುತ್ತೂರಿನ ಕಡೆಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ಒಡೆದ ಬೀಜದ ಚೂರು ಅಗ್ಗಕ್ಕೆ ಸಿಗುತ್ತಿತ್ತು. ಮೀಯಿಸುವ ಕೆಲಸಕ್ಕೆ ಇಳಿದಾಗ ಅದೇ ಚೂರನ್ನು ನೆನೆಸಿ ಅರೆದು, ಹಾಲಿನ ಕೆನೆ, ಕಡಲೆಹಿಟ್ಟು, ಚಿಟಿಕೆ ಅರಸಿನ ಸೇರಿಸಿ ಉಂಡೆ ಮಾಡಿದರು. ಹುಟ್ಟುಗೂದಲು ಹೋಗಲಿ ಎಂದು ಹಿಟ್ಟಿನ ಉಂಡೆಯನ್ನು ಮಗುವಿನ ಹಣೆ, ಭುಜ, ಬೆನ್ನಿನ ಮೇಲೆ ಉರುಳಿಸುವುದು ಹಳೆಯ ರೂಢಿ. ಅದಕ್ಕೆ ಗೋಡಂಬಿ ಸೇರಿಸಿದ್ದು ದಮಯಂತಿಯ ಸ್ವಂತ ಬುದ್ಧಿ. ಮಕ್ಕಳ ಮೈ ಬೆಣ್ಣೆಯಂತೆ ಹೊಳೆಯುತ್ತಿತ್ತು. 'ದಮಯಂತಕ್ಕನ ಉಂಡೆ' ಎಂದು ಹೆಸರೇ ಬಿತ್ತು. ಹೆರಿಗೆಗೆ ಇನ್ನೂ ಐದು ತಿಂಗಳಿರುವಾಗಲೇ ಬಂದು ದಿನ ಗೊತ್ತು ಮಾಡಿಕೊಂಡು ಹೋಗುವವರಿದ್ದರು.

ತನ್ಮಯೀಯನ್ನು ಮೀಯಿಸಿದ್ದೂ ಅದೇ ಉಂಡೆಯಿಂದ, ಇದೇ ಬಚ್ಚಲಿನಲ್ಲಿ. ಎರಡು ತಿಂಗಳಿಗೆ ಆ ಮಗುವಿನ ಕೆನ್ನೆ ಕೆಂಪಾಗಿ ಒರಟಾಯಿತು, ಮೊಣಕೈ ಮಡಿಕೆಯಲ್ಲಿ ನೀರು ಒಸರಿತು. ಇಸುಬು. ಒರಟು ಹೋಗಲಿ ಎಂದು ದಮಯಂತಿ ಉಂಡೆಯನ್ನು ಇನ್ನಷ್ಟು ತಿಕ್ಕಿದರು. "ಒಳ್ಳೇದಾಗ್ಲಿ ಅಂತಲೇ ತಿಕ್ಕಿದ್ದು. ಕೆಟ್ಟದಾಗ್ಲಿ ಅಂತ ಯಾರಾದ್ರೂ ತಿಕ್ತಾರಾ? ಆದ್ರೆ ತಿಕ್ಕಿದ್ದಂತೂ ಹೌದು."

ವರ್ಷ ಕಳೆದು ಬರ್ಫಿಯ ಘಟನೆ. ಒಂದು ಉಪನಯನದ ಊಟ. ಯಾರೋ ಮಗುವಿನ ಬಾಯಿಗೆ ಚೂರು ಇಟ್ಟರು. ಐದು ನಿಮಿಷಕ್ಕೆ ತುಟಿ ಊದಿ, ಮೈತುಂಬ ದದ್ದು, ವಾಂತಿ, ಅಳುವ ಸ್ವರವೇ ಒಡೆದು ಗೊರಗೊರ. ಜೀಪಿನಲ್ಲಿ ಸುಳ್ಯಕ್ಕೆ. ತೊಡೆಗೆ ಚುಚ್ಚಿದ ಒಂದು ಇಂಜೆಕ್ಷನ್ ಮಗುವನ್ನು ವಾಪಸು ತಂದಿತು. ಮೂರನೆಯ ವರ್ಷಕ್ಕೆ ಉಬ್ಬಸ ಶುರುವಾಯಿತು. ಐದಕ್ಕೆ ಬೆಳಗಾದರೆ ಸೀನು, ಕಣ್ಣು ತುರಿಕೆ. ಈಗ ತನ್ಮಯೀಗೆ ಆರೂವರೆ. ಶಾಲೆಯ ಚೀಲದಲ್ಲಿ ಇನ್‌ಹೇಲರ್ ಇದೆ. ಈ ಮನೆಯ ಅಡುಗೆಮನೆಗೆ ಐದು ವರ್ಷಗಳಿಂದ ಗೋಡಂಬಿ ಬಂದಿಲ್ಲ.

ಬರ್ಫಿಯ ಘಟನೆಯ ನಂತರ ದಮಯಂತಿಗೆ ನೆನಪಿನಲ್ಲಿ ಒಂದೊಂದೇ ಮನೆ ಮೇಲೇಳತೊಡಗಿತು. ಮೀಯಿಸುವವರಿಗೆ ಒಂದು ಅನುಕೂಲ ಇದೆ: ಎರಡನೆಯ ಹೆರಿಗೆಗೆ ಅದೇ ಮನೆಗೆ ಮತ್ತೆ ಹೋಗುತ್ತಾರೆ, ಮೊದಲನೆಯ ಮಗು ಓಡಾಡಿಕೊಂಡಿರುತ್ತದೆ. ಒರಟು ಮೈಯ ಕೂಸು ಮೂರು ವರ್ಷಕ್ಕೆ ದಮ್ಮು ಕಟ್ಟಿ ಕೂತದ್ದು, ಆರಕ್ಕೆ ಮೂಗೊರೆಸಿಕೊಂಡು ತಿರುಗುವುದು, ಎಲ್ಲವನ್ನೂ ಅವರು ಬೇರೆ ಬೇರೆ ಕಾಯಿಲೆ ಎಂದೇ ನೋಡಿದ್ದರು. "ಮೊದ್ಲು ಚರ್ಮ, ಮತ್ತೆ ಹೊಟ್ಟೆ, ಮತ್ತೆ ಎದೆ, ಕೊನೆಗೆ ಮೂಗು. ಹೀಗೆ ಸಾಲಾಗಿ ನಿಂತದ್ದು ನಂಗೆ ಕಂಡದ್ದು ತನ್ಮಯೀಯ ನಂತರ."

ಹೆದರಿಕೆಯಲ್ಲಿ ಉಂಡೆ ಬಿಟ್ಟರು. ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ನಿಲ್ಲಲಿಲ್ಲ. ಎಲ್ಲೇ ಒರಟು ಮೈಯ ಮಗು ಕಂಡರೂ ಆ ಮನೆಯ ಬಾಗಿಲಲ್ಲಿ ನಿಂತು ತಾಕೀತು ಮಾಡತೊಡಗಿದರು: ಗೋಡಂಬಿ, ನೆಲಗಡಲೆ, ಮೊಟ್ಟೆ ಐದು ವರ್ಷ ಬಾಯಿಗೆ ಹಾಕಬೇಡಿ. ನಾಲ್ಕು ವರ್ಷದಲ್ಲಿ ಮೂವತ್ತಾರು ಮನೆ. ಅಷ್ಟು ವರ್ಷದ ಅನುಭವದ ಮಾತು; ಹೆಚ್ಚಿನವರು ಪಾಲಿಸಿದರು.

ಅರಂತೋಡಿನ ರಸೀನಾ ಅಕ್ಷರಶಃ ಪಾಲಿಸಿದವರು. ಅವರ ಮಗ ನಿಝಾಮನಿಗೆ ಮೂರು ತುಂಬುವವರೆಗೆ ಮೊಟ್ಟೆಯ ವಾಸನೆ ತೋರಿಸಲಿಲ್ಲ. ಕಳೆದ ವರ್ಷ ಯಾರದೋ ಹುಟ್ಟುಹಬ್ಬದ ಕೇಕು ತಿಂದವನು ಮೈತುಂಬ ದದ್ದೆದ್ದು ಕುಳಿತ. ರಸೀನಾ ಬೈಯಲಿಲ್ಲ. "ನೀವು ಹೇಳಿದ ಹಾಗೇ ಮಾಡಿದ್ದಲ್ಲಾ ಅಕ್ಕಾ ನಾವು?" ಎಂದು ಕೇಳಿದರು, ಅಷ್ಟೆ. ದಮಯಂತಿಗೆ ಅದಕ್ಕಿಂತ ಬೈಗುಳವೇ ವಾಸಿಯಿತ್ತು. ಮರುದಿನ ತಾಯಿ-ಮಗನ ಜೊತೆ ತಾವೂ ಬಸ್ಸು ಹತ್ತಿ ಸುಳ್ಯದ ಮಕ್ಕಳ ಡಾಕ್ಟರ್ ಯತಿನ್ ಅವರೆದುರು ಹೋಗಿ ಕುಳಿತರು. ಉಂಡೆಯಿಂದ ಹಿಡಿದು ತಾಕೀತಿನವರೆಗೆ ಎಲ್ಲವನ್ನೂ ಹೇಳಿದರು.

ಯತಿನ್ ಅವರ ವಿವರಣೆ ಸರಳವಾಗಿತ್ತು. ಒಡೆದ ಚರ್ಮದ ಮೂಲಕ ನುಸುಳಿದ ಆಹಾರವನ್ನು ದೇಹ ಹಿತ್ತಿಲಿಂದ ಬಂದ ಕಳ್ಳ ಎಂದು ಗುರುತಿಟ್ಟುಕೊಳ್ಳುತ್ತದೆ. ಅದೇ ಆಹಾರ ಬಾಯಿಯ ಮೂಲಕ ಹೊಟ್ಟೆಗೆ ಬಂದರೆ ಎದುರು ಬಾಗಿಲಿಂದ ಬಂದ ನೆಂಟ ಎಂದುಕೊಳ್ಳುತ್ತದೆ. ಮಗುವಿನ ಮೈಗೆ ತಾಗುವ ಕೈಯಲ್ಲಿ, ಹಾಸಿಗೆಯಲ್ಲಿ, ಗಾಳಿಯ ಧೂಳಿನಲ್ಲಿ ಮನೆಮಂದಿ ತಿಂದದ್ದರ ಚೂರು ಇದ್ದೇ ಇರುತ್ತದೆ. ಬಾಯಿಗೆ ಮಾತ್ರ ಕೊಡದಿದ್ದರೆ ಹಿತ್ತಿಲ ಬಾಗಿಲು ತೆರೆದಿಟ್ಟು ಎದುರಿನದಕ್ಕೆ ಚಿಲಕ ಹಾಕಿದಂತೆ. ಹಿಂದೆ ವೈದ್ಯರೇ ತಡಮಾಡಿ ಕೊಡಿ ಎನ್ನುತ್ತಿದ್ದರು. ನೆಲಗಡಲೆ, ಮೊಟ್ಟೆಗಳ ಮಟ್ಟಿಗೆ ಅದು ತಪ್ಪೆಂದು ಆಮೇಲೆ ಗಟ್ಟಿಯಾಗಿ ತಿಳಿಯಿತು.

"ಎರಡು ಬಾಗಿಲಿನ ಕೆಲಸವನ್ನೂ ನಾನೊಬ್ಬಳೇ ಮಾಡಿದ್ದೇನೆ ಡಾಕ್ಟ್ರೇ" ಎಂದಿದ್ದರು ದಮಯಂತಿ.

ಯತಿನ್ ಅಲ್ಲಗಳೆದರು. ಒರಟು ಮೈಯ ಮಕ್ಕಳೆಲ್ಲ ಈ ಸಾಲು ಹಿಡಿದು ಹೋಗುವುದಿಲ್ಲ. ಹೆಚ್ಚಿನವರದು ಚರ್ಮಕ್ಕೇ ಮುಗಿಯುತ್ತದೆ. ಇಸುಬು ಬಹಳ ಬೇಗ, ಬಹಳ ಜೋರಾಗಿ ಬಂದವರಲ್ಲಿ, ಮನೆತನದಲ್ಲಿ ಉಬ್ಬಸ ಇದ್ದವರಲ್ಲಿ ಮುಂದಿನವು ಬರುವ ಸಂಭವ ಹೆಚ್ಚು. ತನ್ಮಯೀಯ ತಂದೆ ಶ್ರೀಶನಿಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಉಂಡೆ ಇಲ್ಲದಿದ್ದರೂ ಆ ಹುಡುಗಿಗೆ ಇದೆಲ್ಲ ಬರಬಹುದಿತ್ತು. ಒಂದು ಮಗುವಿನ ವಿಷಯದಲ್ಲಿ ಇದೇ ಕಾರಣ ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ದಮಯಂತಿ ಅದನ್ನು ಕೇಳಿಸಿಕೊಂಡರು, ಹಗುರಾಗಲಿಲ್ಲ.

ಅಂದಿನಿಂದ ಅವರಿಗೆ ಇನ್ನೊಂದು ಕೆಲಸ ಸೇರಿದೆ. ಮಧ್ಯಾಹ್ನ ಊಟವಾದ ಮೇಲೆ ಆ ಮೂವತ್ತಾರು ಮನೆಗಳಿಗೆ ಒಂದೊಂದಾಗಿ ಹೋಗಿ, ಹೇಳಿದ ಮಾತನ್ನು ಹಿಂದೆ ಪಡೆಯುವುದು. ಹೇಳಬೇಕಾದದ್ದು ಎರಡು ಮಾತು. ನಾನು ಹೇಳಿದ್ದು ತಪ್ಪು. ಹಾಗಂತ ಇವತ್ತೇ ಮನೆಯಲ್ಲಿ ತಿನ್ನಿಸಲು ಹೋಗಬೇಡಿ, ಇಷ್ಟು ದಿನ ಕೊಡದೆ ಇಟ್ಟ ಮಗುವನ್ನು ಮೊದಲು ಡಾಕ್ಟರಿಗೆ ತೋರಿಸಿ. ಒಬ್ಬರು ಒಳಗೂ ಕರೆಯಲಿಲ್ಲ. ಇನ್ನೊಬ್ಬರು, "ನಿಮಗೆ ಪ್ರಾಯ ಆಯ್ತು, ಇನ್ನು ಮನೆಯಲ್ಲಿ ಕೂತ್ಕೊಳ್ಳಿ" ಎಂದರು. ಮತ್ತೊಂದು ಮನೆಯ ಸೊಸೆ ಬಿದ್ದುಬಿದ್ದು ನಕ್ಕಳು: "ನೀವು ಹೇಳಿ ಹೋದ ವಾರವೇ ಮೊಟ್ಟೆ ಕೊಟ್ಟು ಆಗಿತ್ತು ದಮಯಂತಕ್ಕಾ. ನಿಮ್ಮ ಮಾತು ಕೇಳಿದ್ದು ಯಾರು!" ಆ ದಿನ ದಮಯಂತಿ ಎಷ್ಟೋ ತಿಂಗಳ ಮೇಲೆ ಹೊಟ್ಟೆತುಂಬ ಉಂಡರಂತೆ.

ಮೀಯಿಸುವ ಮನೆಗಳು ಕಡಿಮೆಯಾಗಿವೆ. ಉಂಡೆ ಇಲ್ಲ, ಹಿಟ್ಟು ಇಲ್ಲ, ಸುಡುಸುಡು ನೀರೂ ಇಲ್ಲ, ಹತ್ತು ನಿಮಿಷದ ಸ್ನಾನ, ಒತ್ತಿ ಒರೆಸಿ ಡಾಕ್ಟರು ಕೊಟ್ಟ ಮುಲಾಮು. ಇಷ್ಟಕ್ಕೆ ಹೊರಗಿನವರು ಯಾಕೆ ಎಂದು ಜನ ಕೇಳುತ್ತಾರೆ. ಅಚ್ಚುತ ಹುಟ್ಟಿದಾಗ ಸತ್ಯವತಿಯೂ ಬೇರೆಯವರನ್ನು ಗೊತ್ತು ಮಾಡಿದ್ದರು. ಹಟ ಹಿಡಿದು ದಮಯಂತಿಯನ್ನೇ ಕರೆಸಿದ್ದು ಮಗಳು ಸಮನ್ವಿತಾ, ತೊಂಬತ್ತು ದಿನ ಕಳೆದರೂ ಬಿಡದೆ ಉಳಿಸಿಕೊಂಡದ್ದೂ ಅವಳೇ. ಸುಳ್ಯದ ಶಾಲೆಯೊಂದರಲ್ಲಿ ಅವಳು ಶಿಕ್ಷಕಿ. ಗಂಡನ ಕೆಲಸ ಕಡಬದಲ್ಲಿ, ವಾರಕ್ಕೊಮ್ಮೆ ಬರುತ್ತಾನೆ, ಹಾಗಾಗಿ ಮಕ್ಕಳೊಂದಿಗೆ ತಾಯಿಮನೆಯಲ್ಲೇ ಇದ್ದಾಳೆ. "ತಪ್ಪು ಮಾಡಿದ್ದೇನೆ ಅಂತ ಮನೆಗೆ ಬಂದು ಹೇಳಿದವರು ಇವರೊಬ್ಬರೇ. ನಂಗೆ ಇವರೇ ಆಗ್ಬೇಕು" ಎನ್ನುತ್ತಾಳೆ.

ಬೆಳಿಗ್ಗೆ ಹತ್ತು ಗಂಟೆ. ಕ್ಲಿನಿಕ್ಕಿನ ಒಳಕೋಣೆಯಲ್ಲಿ ಅಚ್ಚುತ ತಾಯಿಯ ಮಡಿಲಲ್ಲಿದ್ದಾನೆ. ಬರುವುದಿಲ್ಲ ಎಂದಿದ್ದ ಸತ್ಯವತಿ ಎಲ್ಲರಿಗಿಂತ ಮೊದಲೇ ಜೀಪಿನಲ್ಲಿ ಕುಳಿತಿದ್ದರು. ಈಗ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿದ್ದಾರೆ. ಕಳೆದ ವಾರ ಮುಂಗೈಗೆ ಹನಿ ಹಾಕಿ ಚುಚ್ಚಿ ನೋಡಿದ ಪರೀಕ್ಷೆಯಲ್ಲಿ ಗುಳ್ಳೆ ಏಳಲಿಲ್ಲ. ಆದರೂ ಅಕ್ಕನ ಕಥೆ ಗೊತ್ತಿರುವುದರಿಂದ ಮೊದಲ ಚಮಚ ತಮ್ಮ ಕಣ್ಣೆದುರೇ ಆಗಲಿ ಎಂದಿದ್ದಾರೆ ಯತಿನ್. ಮೇಜಿನ ಮೇಲೆ ಸಿರಿಂಜು ಸಿದ್ಧವಿದೆ. ಅದರ ಕಡೆ ಯಾರೂ ನೋಡುವುದಿಲ್ಲ, ಎಲ್ಲರಿಗೂ ಅದು ಕಾಣುತ್ತದೆ.

ಗೋಡಂಬಿಯನ್ನು ನುಣ್ಣಗೆ ಅರೆದು ರಾಗಿ ಮಣ್ಣಿ ಎನ್ನುವ ಮಕ್ಕಳ ಗಂಜಿಗೆ ಸೇರಿಸಿ ತಂದವರು ದಮಯಂತಿ, ತಮ್ಮ ಮನೆಯಿಂದ. ಐದು ವರ್ಷದ ಬಳಿಕ ಆ ಬೀಜ ಮುಟ್ಟಿದ್ದು. ಯತಿನ್ ಚಮಚದ ತುದಿಯಷ್ಟು ತೆಗೆದು ಮಗುವಿನ ಬಾಯಿಗಿಡುತ್ತಾರೆ. ಅಚ್ಚುತ ಮುಖ ಕಿವುಚಿ, ನಾಲಗೆಯಲ್ಲಿ ಅರ್ಧ ಹೊರದಬ್ಬಿ, ಉಳಿದದ್ದನ್ನು ನುಂಗುತ್ತಾನೆ.

ಇನ್ನು ಕಾಯುವುದು. ದಮಯಂತಿಗೆ ಕೂರಲಾಗುವುದಿಲ್ಲ. ಕಿಟಕಿಗೆ ಹೋಗಿ ಬರುತ್ತಾರೆ, ಗಡಿಯಾರ ನೋಡುತ್ತಾರೆ, ಅದು ಸರಿಯಿಲ್ಲ ಎಂಬಂತೆ ಮೊಬೈಲು ತೆಗೆದು ನೋಡುತ್ತಾರೆ. ಮಗುವಿನ ಉಸಿರಿಗೆ ಕಿವಿಗೊಡುತ್ತಾರೆ.

"ಒಂದು ಕಡೆ ಕೂತ್ಕೋ ಮಾರಾಯ್ತಿ, ನಿನ್ನನ್ನು ನೋಡಿಯೇ ನಂಗೆ ತಲೆ ತಿರುಗ್ತದೆ" ಎನ್ನುತ್ತಾರೆ ಸತ್ಯವತಿ.

ಹನ್ನೆರಡನೆಯ ನಿಮಿಷಕ್ಕೆ ಗಲ್ಲದ ಮೇಲೆ ಒಂದು ಕೆಂಪು. ಮೊದಲು ಕಂಡದ್ದು ದಮಯಂತಿಗೇ. ಅವರು ಬೆರಳು ತೋರಿಸುತ್ತಾರೆ. ಸತ್ಯವತಿ ಎದ್ದು ನಿಂತಾಗ ಕುರ್ಚಿ ಹಿಂದಕ್ಕೆ ಬೀಳುತ್ತದೆ. ಯತಿನ್ ಟಾರ್ಚು ಹಿಡಿದು ನೋಡುತ್ತಾರೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಎದೆಗೆ ಸ್ಟೆತಸ್ಕೋಪ್ ಇಡುತ್ತಾರೆ, ಅಂಗಿ ಎತ್ತಿ ಹೊಟ್ಟೆ ಬೆನ್ನು ನೋಡುತ್ತಾರೆ.

"ಜೊಲ್ಲು ತಾಗಿದಲ್ಲಿ ಮಾತ್ರ ಇದೆ. ಕಾಯುವ."

ಕಾಯುತ್ತಾರೆ. ಕೆಂಪು ತೆಳುವಾಗುತ್ತದೆ, ಮಾಸುತ್ತದೆ, ಕಾಣದಾಗುತ್ತದೆ. ಎರಡನೆಯ ಸಲ ಅರ್ಧ ಚಮಚ. ಮೂರನೆಯ ಸಲ ಪೂರ್ತಿ. ಹನ್ನೆರಡೂವರೆಗೆ ಅಚ್ಚುತ ಬಾಯಿ ತೆರೆದು ನಿದ್ದೆ ಹೋಗಿದ್ದಾನೆ, ಎದೆ ಶಾಂತವಾಗಿ ಏರಿ ಇಳಿಯುತ್ತಿದೆ. ಸಮನ್ವಿತಾ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಸತ್ಯವತಿ ಮಾತ್ರ ಡಾಕ್ಟರರನ್ನು ಬಿಡುವುದಿಲ್ಲ.

"ಹಾಗಾದ್ರೆ ಇವನಿಗೆ ಇನ್ನು ಏನೂ ಬರುದಿಲ್ಲ ಅಂತಲಾ?"

"ಹಾಗೆ ಹೇಳ್ಲಿಕ್ಕಾಗುದಿಲ್ಲ ಅಮ್ಮ. ಚರ್ಮ ಈಗಲೂ ಒರಟು ಉಂಟು, ಅದಕ್ಕೆ ಮುಲಾಮು ತಪ್ಪಿಸ್ಬಾರದು. ಮುಂದೆ ಉಬ್ಬಸ ಬಂದರೂ ಬರಬಹುದು. ಗೋಡಂಬಿ ಮಾತ್ರ ಇವತ್ತಿಗೆ ಒಪ್ಪಿತು. ಇಲ್ಲಿಗೆ ನಿಲ್ಲಿಸಿದ್ರೆ ಪ್ರಯೋಜನ ಇಲ್ಲ, ವಾರಕ್ಕೆ ಎರಡು ಸಲವಾದ್ರೂ ಕೊಡ್ತಾ ಇರ್ಬೇಕು."

"ಒಂದೇ ಮನೆಯಲ್ಲಿ ಒಬ್ಬನಿಗೆ ಕೊಡ್ಲೇಬೇಕು, ಒಬ್ಬಳಿಗೆ ಕೈಗೂ ತಾಗ್ಬಾರದು. ನಾನು ಎಂತ ಮಾಡ್ಲಿ?"

ದಮಯಂತಿ ಹೇಳುತ್ತಾರೆ: "ಬುಧವಾರ, ಶನಿವಾರ ನಮ್ಮಲ್ಲಿಗೆ ತನ್ನಿ ಅಕ್ಕಾ. ನಾನೇ ತಿನ್ನಿಸ್ತೇನೆ. ಬಾಯಿ, ಕೈ ತೊಳೆದು, ಅಂಗಿ ಬದಲಿಸಿ ಕಳಿಸ್ತೇನೆ. ನಿಮ್ಮ ಮನೆಯೊಳಗೆ ಅದು ಬರುದು ಬೇಡ."

ಆಗಿನಿಂದ ಬಿದ್ದೇ ಇದ್ದ ಕುರ್ಚಿಯನ್ನು ಸತ್ಯವತಿ ಎತ್ತಿ ನಿಲ್ಲಿಸುತ್ತಾರೆ. "ಶನಿವಾರ ಆಗುದಿಲ್ಲ. ಭಾನುವಾರ" ಎನ್ನುತ್ತಾರೆ.

ಸಂಜೆಯವರೆಗೆ ಮಗುವಿನ ಮೇಲೆ ಒಂದು ಕಣ್ಣಿರಲಿ ಎಂದು ಡಾಕ್ಟರು ಹೇಳಿದ್ದರಿಂದ ದಮಯಂತಿ ಮಂಡೆಕೋಲಿನ ಮನೆಯಲ್ಲೇ ಉಳಿಯುತ್ತಾರೆ. ನಾಲ್ಕಕ್ಕೆ ತನ್ಮಯೀ ಶಾಲೆಯಿಂದ ಬರುತ್ತಾಳೆ. ವಿಷಯ ಅವಳಿಗೆ ಗೊತ್ತು. ಚೀಲ ಇಳಿಸುವ ಮೊದಲೇ ಕೇಳುತ್ತಾಳೆ.

"ತಿಂದನಾ? ಏನೂ ಆಗ್ಲಿಲ್ವಾ?"

"ಏನೂ ಆಗ್ಲಿಲ್ಲ ಮಗಾ."

"ಹಾಗಾದ್ರೆ ನಂಗೂ ಆಗ್ತದಾ?"

ಜಗಲಿಯಲ್ಲಿ ಕೂತ ದಮಯಂತಿ ಹುಡುಗಿಯನ್ನು ಹತ್ತಿರ ಕರೆಯುತ್ತಾರೆ. "ನಿಂಗೆ ಆಗುದಿಲ್ಲ. ನೀನು ಪಾಪು ಇದ್ದಾಗ ಅದನ್ನು ಅರೆದು ನಿನ್ನ ಮೈಗೆ ತಿಕ್ಕಿದ್ದು ನಾನು. ಅದ್ರಿಂದ ಆದದ್ದು ಇರ್ಬಹುದು, ಅಲ್ಲದೆಯೂ ಇರ್ಬಹುದು. ಡಾಕ್ಟ್ರಿಗೂ ಗೊತ್ತಿಲ್ಲ."

ತನ್ಮಯೀ ಚೀಲ ಇಳಿಸುತ್ತಾಳೆ. "ಆಗ ನಂಗೆ ನೋವಾಗಿತ್ತಾ?"

"ಇಲ್ಲ. ನಗ್ತಾ ಇದ್ದೆ ನೀನು."

ಅಷ್ಟು ಸಾಕಾಗಿ ಹುಡುಗಿ ಒಳಗೆ ಓಡುತ್ತಾಳೆ, ತಮ್ಮನನ್ನು ಮುಟ್ಟುವ ಮೊದಲು ಯಾರೋ ಕೈ ತೊಳೆಯಲು ಕೂಗುವುದು ಕೇಳಿಸುತ್ತದೆ. ದಮಯಂತಿ ಎದ್ದು ಸೀರೆ ಕೊಡವಿಕೊಂಡು ಚಪ್ಪಲಿ ಹುಡುಕುತ್ತಾರೆ. ಈ ಮನೆ ಸೇರಿ ಇಪ್ಪತ್ತೆರಡಾಯಿತು, ಹದಿನಾಲ್ಕು ಬಾಕಿ. ಕತ್ತಲಾಗುವ ಮೊದಲು ಇವತ್ತು ಇನ್ನೊಂದಾದರೂ ಮುಗಿಸಬೇಕು. ಆ ಮನೆ ಗುಡ್ಡದ ಆಚೆಗಿದೆ, ಏರು ದಾರಿ. ಇಡೀ ದಿನ ದಣಿದಿದ್ದೀರಿ, ಅವರಿಗೊಂದು ಫೋನು ಮಾಡಿ ಹೇಳಿದರೆ ಸಾಲದೇ ಎಂದು ಸಮನ್ವಿತಾ ಕೇಳುತ್ತಾಳೆ. ದಮಯಂತಿ ಆಗಲೇ ಅಂಗಳ ಇಳಿದಿದ್ದಾರೆ.

"ತಪ್ಪು ಹೇಳುವಾಗ ಅವರ ಬಾಗಿಲಲ್ಲಿ ನಿಂತು ಹೇಳಿದ್ದೇನೆ ಮಗಾ. ಸರಿ ಹೇಳುವಾಗ ಫೋನಲ್ಲಿ ಹೇಳಿದ್ರೆ ಆಗ್ತದಾ?"